ಮನೋವೈದ್ಯರ ಕೋಣೆಯಲ್ಲೊಂದು ಹಾಸ್ಯ ಕಿರುಚಿತ್ರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಒಬ್ಬ ಮನೋವೈದ್ಯ, ಎದುರಿಗೆ ಬಂದು ಕೂರುವ ರೋಗಿಗಳು, ಒಂದೇ ಕೋಣೆ, ಹತ್ತು ನಿಮಿಷದ ನಗು. ಇಂಥದ್ದೊಂದು ಕಿರುಚಿತ್ರ ಮಾಡಲು ಹೊರಟ ಮಲೆನಾಡಿನ ಓದುಗರ ಪ್ರಶ್ನೆಗಳು ಈ ಸಲದ ಅಂಕಣದಲ್ಲಿವೆ.

ಒಬ್ಬ ಡಾಕ್ಟರು, ಆರು ರೋಗಿಗಳು. ಚಿತ್ರ 10 ನಿಮಿಷ ಮೀರಬಾರದು. ಬರೆದದ್ದು 22 ಪುಟ ಆಗಿದೆ. ಎಲ್ಲಿ ಕತ್ತರಿ ಹಾಕಲಿ? (ಸಾಗರ)

ಮೊದಲು ರೋಗಿಗಳಿಗೇ ಹಾಕಿ. ಆರು ಜನರೆಂದರೆ ಒಬ್ಬೊಬ್ಬರಿಗೆ ಒಂದೂವರೆ ನಿಮಿಷ ಸಿಗುತ್ತದೆ. ಬಾಗಿಲು ತಳ್ಳಿ ಬಂದು, ಕೊಡೆ ಇಟ್ಟು, ಕೂರುವುದಕ್ಕೇ 20 ಸೆಕೆಂಡ್ ಹೋಯಿತು. ಉಳಿದದ್ದರಲ್ಲಿ ಒಂದು ಜೋಕ್ ಹಿಡಿಸೀತು, ಒಬ್ಬ ಮನುಷ್ಯ ಹಿಡಿಸುವುದಿಲ್ಲ. ಮೂರನೆಯವನು ಬರುವಷ್ಟರಲ್ಲಿ ನೋಡುವವರಿಗೆ ನಿಮ್ಮ ಲೆಕ್ಕಾಚಾರ ಸಿಕ್ಕಿಬಿಡುತ್ತದೆ. ಆಮೇಲೆ ನಗು ಬರುವುದಿಲ್ಲ, ಎಷ್ಟು ಜನ ಬಾಕಿ ಎಂಬ ಎಣಿಕೆ ಶುರುವಾಗುತ್ತದೆ.

ಮೂವರು ಸಾಕು. ಆದರೆ ಮೂವರನ್ನೂ ಎರಡೆರಡು ಸಲ ಕರೆಸಿ. ಕಾಲದ ಹಂಚಿಕೆ ಹೀಗಿರಲಿ: ಆರಂಭ 40 ಸೆಕೆಂಡ್, ಮೊದಲ ಸುತ್ತಿಗೆ ತಲಾ ಒಂದೂವರೆ ನಿಮಿಷ, ನಡುವೆ ಹೊರಗಿನ ಬೆಂಚಿನ ಮೇಲೆ ಮೂವರೂ ಒಟ್ಟಿಗೆ ಕೂತ 1 ನಿಮಿಷ 20 ಸೆಕೆಂಡ್, ಎರಡನೇ ಸುತ್ತಿಗೆ ತಲಾ 50 ಸೆಕೆಂಡ್, ಮುಕ್ತಾಯ 40, ಹೆಸರುಗಳಿಗೆ 20. ಅಲ್ಲಿಗೆ ಹತ್ತು ನಿಮಿಷ ಸರಿಹೋಯಿತು.

ಎರಡನೇ ಸಲ ಬಂದಾಗ ರೋಗಿ ಬದಲಾಗದಿದ್ದರೂ ನಡೆಯುತ್ತದೆ, ಡಾಕ್ಟರು ಬದಲಾಗಿರಬೇಕು. ಉದಾಹರಣೆಗೆ, ಮೊದಲನೆಯವನು ಅಡಿಕೆ ಬೆಳೆಗಾರ. ಮೊಬೈಲಿನಲ್ಲಿ ಕಾಲುಗಂಟೆಗೊಮ್ಮೆ ರಾಶಿ ಅಡಿಕೆಯ ರೇಟು ನೋಡುತ್ತಾನೆ. ಏರಿದರೆ ಮಾರಿದ್ದಕ್ಕೆ ಸಂಕಟ, ಇಳಿದರೆ ಮಾರದೆ ಇದ್ದದ್ದಕ್ಕೆ ಸಂಕಟ. ಎರಡನೆಯವರು ನಿವೃತ್ತ ಮೇಷ್ಟ್ರು, ಮಳೆ ನಿಂತರೆ ಅವರಿಗೆ ನಿದ್ದೆ ಬರುವುದಿಲ್ಲ. ಮೂರನೆಯದು ಮಗನನ್ನು ಕರೆತಂದ ತಾಯಿ. ಮಗ ಬಾಯಿ ತೆರೆದಾಗಲೆಲ್ಲ ಉತ್ತರ ಆಕೆಯದೇ. ಡಾಕ್ಟರಿಗೂ ಎರಡೆಕರೆ ಅಡಿಕೆ ತೋಟವಿದೆ ಎಂಬುದನ್ನು ಮೊದಲ ನಿಮಿಷದಲ್ಲೇ, ಮೇಜಿನ ಮೇಲಿನ ಸೊಸೈಟಿ ರಸೀದಿಯೊಂದರಲ್ಲಿ ಸುಮ್ಮನೆ ತೋರಿಸಿಬಿಡಿ, ಯಾರ ಬಾಯಲ್ಲೂ ಹೇಳಿಸಬೇಡಿ. ಎರಡನೇ ಸುತ್ತಿನಲ್ಲಿ ಅವರು ಪೆನ್ನು ಮುಚ್ಚಿಟ್ಟು, ದನಿ ತಗ್ಗಿಸಿ, "ಅಲ್ಲಾ, ಇವತ್ತು ರಾಶಿ ಎಷ್ಟಾಯ್ತು?" ಎಂದರೆ ಸಾಕು. ಈ ಬಗೆಯ ಚಿತ್ರದಲ್ಲಿ ಅರ್ಧ ನಗು ರೋಗಿಯ ಮಾತಿನಲ್ಲಿರುತ್ತದೆ. ಉಳಿದರ್ಧ, ಅದನ್ನೆಲ್ಲ ಮುಖ ಕದಲಿಸದೆ ಕೇಳಬೇಕಾದವರ ಪಾಡಿನಲ್ಲಿ. ಮುಂದಿನ ಉತ್ತರಗಳೆಲ್ಲ ಈ ಎರಡನೇ ಅರ್ಧವನ್ನು ಉಳಿಸಿಕೊಳ್ಳುವ ಬಗ್ಗೆಯೇ.

ಒಂದು ಪುಟಕ್ಕೆ ಒಂದು ನಿಮಿಷ ಎಂಬ ಲೆಕ್ಕ ಚಿತ್ರಕಥೆಯ ನಿಗದಿತ ನಮೂನೆಯಲ್ಲಿ ಟೈಪ್ ಮಾಡಿದ್ದಕ್ಕೆ ಅಂದಾಜಾಗಿ ಹೊಂದೀತು, ನೋಟ್‌ಬುಕ್ಕಿನಲ್ಲಿ ಬರೆದದ್ದಕ್ಕೆ ಹೊಂದುವುದಿಲ್ಲ. ಇಬ್ಬರು ಕೂತು ಗಟ್ಟಿಯಾಗಿ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ ಓದಿ, ಸ್ಟಾಪ್‌ವಾಚ್ ಹಿಡಿಯಿರಿ. ಬಂದದ್ದಕ್ಕೆ ಐದರಲ್ಲೊಂದು ಪಾಲು ಸೇರಿಸಿದರೆ ನಿಜವಾದ ಉದ್ದ ಸಿಗುತ್ತದೆ.

ಮಾನಸಿಕ ಕಾಯಿಲೆ ಇರುವವರನ್ನು ಗೇಲಿ ಮಾಡಿದಂತೆ ಆಗಬಾರದು. ಗೆರೆ ಎಲ್ಲಿ ಎಳೆಯುವುದು? (ತೀರ್ಥಹಳ್ಳಿ)

ಲಕ್ಷಣವನ್ನು ನಗೆಪಾಟಲು ಮಾಡಬೇಡಿ, ಸ್ವಭಾವವನ್ನು ಮಾಡಿ. ರೇಟು ನೋಡುವ ಚಟ, ಪಕ್ಕದ ಮನೆಯವರು ಏನೆಂದಾರು ಎಂಬ ಅಂಜಿಕೆ, ಮಗನಿಗೆ ಮಾತಾಡಲು ಬಿಡದ ಪ್ರೀತಿ, ಇವು ಎಲ್ಲರಲ್ಲೂ ಇರುವಂಥವು. ಯಾರಿಗೂ ಕೇಳದ ದನಿ ಕೇಳುವುದು, ಆತ್ಮಹತ್ಯೆಯ ಯೋಚನೆ, ಇವುಗಳಲ್ಲಿ ಜೋಕ್ ಹುಡುಕಬೇಡಿ. ಶಾಕ್ ಕೊಟ್ಟಾಗ ಕೂದಲು ನಿಮಿರಿ ನಿಲ್ಲುವ ಹಳೇ ತಮಾಷೆಯಂತೂ ಬೇಡವೇ ಬೇಡ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಆ ಚಿಕಿತ್ಸೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಸರಪಳಿ ಹಾಕುವುದನ್ನೂ ಅಷ್ಟೇ.

ನಿಮ್ಮ ಡಾಕ್ಟರು ಯಾವ ಬಗೆಯವರು ಎಂದು ಮೊದಲೇ ತೀರ್ಮಾನಿಸಿ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು, ಮಾತ್ರೆ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ, ಪರೀಕ್ಷೆ ಮಾಡಿ ಮಾತಿನ ಚಿಕಿತ್ಸೆ ಕೊಡುತ್ತಾರೆ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಇರುತ್ತದೆ. ಆಪ್ತಸಮಾಲೋಚಕರು ಬೇರೆ. ಬೋರ್ಡಿನಲ್ಲಿ ಒಂದು ಬರೆದು ಕೈಯಲ್ಲಿ ಇನ್ನೊಂದು ಮಾಡಿಸಿದರೆ ತಿಳಿದವರು ಅಲ್ಲೇ ಚಿತ್ರದಿಂದ ಎದ್ದು ಹೋಗುತ್ತಾರೆ. ಮಾತಿನ ಚಿಕಿತ್ಸೆಯ ಒಂದು ಭೇಟಿ ಸಾಮಾನ್ಯವಾಗಿ 45ರಿಂದ 50 ನಿಮಿಷ. ರೋಗಿ ಮಲಗಿ ಮಾತಾಡುವ ಸೋಫಾ ಫ್ರಾಯ್ಡ್ ಪಂಥದ್ದು, ನಮ್ಮ ಕಡೆಯ ಕ್ಲಿನಿಕ್ಕಿನಲ್ಲಿ ಇರುವುದು ಮೇಜು ಮತ್ತು ಎರಡು ಕುರ್ಚಿ. ಸಿನಿಮಾ ನೋಡಿ ಬಂದ ರೋಗಿಯೊಬ್ಬ ಸೋಫಾ ಎಲ್ಲಿ ಎಂದು ಹುಡುಕಿ, ಕೊನೆಗೆ ರೋಗಿಗಳ ತಪಾಸಣೆಯ ಎತ್ತರದ ಮಂಚ ಹತ್ತಿ ಮಲಗಿದರೆ ಅದು ಬಳಸಬಹುದಾದ ನಗು.

ಸಣ್ಣ ಊರಿನ ನಿಜವಾದ ಹಾಸ್ಯ ಗುಟ್ಟಿನಲ್ಲಿದೆ. ರೋಗಿಯ ವಿಷಯ ಹೊರಗೆ ಹೋಗಬಾರದು ಎಂಬುದು ಕಾಯ್ದೆಯೇ ಕೊಟ್ಟ ಹಕ್ಕು. ಆದರೆ ಕಾಯುವ ಬೆಂಚಿನಲ್ಲಿ ಭಾವ ಮೈದುನರಿಬ್ಬರು ಎದುರಾಗಿ, ಇಬ್ಬರೂ "ನಾ ಬಂದದ್ದು ಮೇಲ್ಗಡೆ ಹಲ್ಲಿನ ಡಾಕ್ಟ್ರ ಹತ್ರ" ಎನ್ನುವುದನ್ನು ಯಾವ ಕಾಯ್ದೆ ತಡೆದೀತು! ಮನೋವೈದ್ಯಕ್ಕೂ ಸಿನಿಮಾಕ್ಕೂ ಶಿವಮೊಗ್ಗದಲ್ಲಿ ನಂಟು ಹೊಸದಲ್ಲ, ಇಲ್ಲಿ ಮನೋವೈದ್ಯರಾಗಿದ್ದ ಡಾ. ಅಶೋಕ್ ಪೈ ಆ ದಾರಿ ತುಳಿದವರು. ಸ್ಕ್ರಿಪ್ಟನ್ನು ಚಿತ್ರೀಕರಣಕ್ಕೆ ಮೊದಲು ಒಬ್ಬ ಮನೋವೈದ್ಯರಿಗೆ ಓದಿಸಿ, ಚಿತ್ರ ಮುಗಿದ ಮೇಲೆ ತೋರಿಸಿದರೆ ತಿದ್ದಲು ಅವಕಾಶವೇ ಉಳಿದಿರುವುದಿಲ್ಲ. ನಿಜವಾದ ಕ್ಲಿನಿಕ್ಕಿನಲ್ಲಿ ಶೂಟಿಂಗ್ ಆದರೆ ರಜಾ ದಿನವೇ ಆಗಲಿ, ಫೈಲು ರ‍್ಯಾಕಿನ ಮೇಲೊಂದು ಬಟ್ಟೆ ಬೀಳಲಿ. ಕೊನೆಯಲ್ಲಿ ಟೆಲಿ ಮಾನಸ್ ಸಹಾಯವಾಣಿ 14416 ಹಾಕಿ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಜುಲೈನಲ್ಲಿ ಹಂಚಿನ ಮನೆಯೊಳಗೆ ಶೂಟಿಂಗ್. ಮಳೆ ಸದ್ದಿನಲ್ಲಿ ಮಾತು ಮುಳುಗುತ್ತಿದೆ. ಡಬ್ಬಿಂಗ್ ಮಾಡಿಬಿಡಲೇ? (ಹೊಸನಗರ)

ಬೇಡ. ಡಬ್ಬಿಂಗಿನಲ್ಲಿ ಮಾತು ಸ್ವಚ್ಛವಾಗುತ್ತದೆ, ಉಸಿರು ಹೋಗುತ್ತದೆ. ಡಾಕ್ಟರು "ಹ್ಞೂಂ" ಎನ್ನುವ ಮೊದಲು ಬಿಡುವ ಆ ಸಣ್ಣ ನಿಟ್ಟುಸಿರನ್ನು ಮೈಕಿನ ಮುಂದೆ ಮತ್ತೆ ತರುವುದು ವೃತ್ತಿಪರರಿಗೂ ಕಷ್ಟ.

ಕೋಣೆಯ ಆಯ್ಕೆಯಲ್ಲೇ ಮುಕ್ಕಾಲು ಕೆಲಸ ಆಗಬೇಕು. ಸತು ಶೀಟಿನ ಮಾಡು ಇರುವಲ್ಲಿ ಜೋರು ಮಳೆಗೆ ಏನೂ ಸಾಧ್ಯವಿಲ್ಲ. ಹಂಚಿನ ಕೆಳಗೆ ಮರದ ಮುಚ್ಚಿಗೆ, ಅದರ ಮೇಲೆ ಅಟ್ಟ ಇರುವ ಒಳಕೋಣೆ ಸಿಕ್ಕಿದರೆ ಗೆದ್ದಿರಿ. ಅಟ್ಟದ ಮೇಲೆ ಒಣಹುಲ್ಲೋ ಗೋಣಿಯೋ ಹರಡಿದ್ದರೆ ಇನ್ನೂ ಒಳ್ಳೆಯದು. ನಂತರ ಅಂಗಳಕ್ಕೆ ಬನ್ನಿ. ಮಳೆ ನಿಂತ ಮೇಲೂ ಮಾಡಿನಂಚಿನಿಂದ ಹನಿ ಬೀಳುತ್ತಲೇ ಇರುತ್ತದೆ, ಮಾತಿನ ನಡುವಿನ ಮೌನದಲ್ಲಿ ಕೇಳುವುದು ಅದೇ. ಹನಿ ಬೀಳುವ ಜಾಗಕ್ಕೆ ಮಡಚಿದ ಗೋಣಿಚೀಲ ಹಾಸಿ.

ಮೈಕು ಬಾಯಿಗೆ ಹತ್ತಿರ ಬಂದಷ್ಟೂ ಮಳೆ ದೂರ ಹೋಗುತ್ತದೆ. ಕಾಲರ್ ಮೈಕನ್ನು ಗದ್ದದಿಂದ ಸುಮಾರು ಒಂದು ಗೇಣು ಕೆಳಗೆ, ಎದೆಯ ನಡುವೆ ಹಾಕಿ. ಅಂಗಿಯೊಳಗೆ ಬಚ್ಚಿಡುವುದಾದರೆ ಮೆತ್ತನೆಯ ಹತ್ತಿ ಬಟ್ಟೆ ಇರಲಿ. ಪಾಲಿಯೆಸ್ಟರ್, ರೇಷ್ಮೆ, ಗಂಜಿ ಹಾಕಿದ ಖಾದಿ, ಮೂರೂ ಕರಕರ ಅನ್ನುತ್ತವೆ. ಮೈಕಿನ ಎರಡೂ ಬದಿಗೆ ವೈದ್ಯಕೀಯ ಟೇಪು ಅಂಟಿಸಿ, ಕೇಬಲ್ಲನ್ನು ಒಂದು ಸುತ್ತು ಸಡಿಲವಾಗಿ ಬಿಟ್ಟರೆ ಎಳೆತದ ಸದ್ದು ಮೇಲೆ ಬರುವುದಿಲ್ಲ. ರೆಕಾರ್ಡಿಂಗ್ 48 ಕಿಲೋಹರ್ಟ್ಸ್, 24 ಬಿಟ್. ಮಾತಿನ ಏರು ಮೀಟರಿನಲ್ಲಿ ಮೈನಸ್ 12 ಡೆಸಿಬಲ್ ಹತ್ತಿರ ಮುಟ್ಟಲಿ. ಕಿರುಚುವ ರೋಗಿ ಇದ್ದರೆ ಮೈನಸ್ 18ಕ್ಕೆ ಇಳಿಸಿ, ಒಡೆದ ದನಿಯನ್ನು ಆಮೇಲೆ ಯಾರೂ ಕೂಡಿಸಲಾರರು.

ಇನ್ನೊಂದು ಮಾತು: ತೊಂದರೆ ಕೊಡುವುದು ಮಳೆಯ ಸದ್ದಿಗಿಂತ ಹೆಚ್ಚಾಗಿ ಅದರ ಏರಿಳಿತ. ರೋಗಿಯ ಶಾಟಿನಲ್ಲಿ ಧೋ ಎಂದು ಹೊಯ್ದು ಡಾಕ್ಟರ ಶಾಟಿನಲ್ಲಿ ತುಂತುರಾದರೆ, ಕತ್ತರಿ ಬಿದ್ದ ಕಡೆಯೆಲ್ಲ ಕಿವಿಗೆ ಎಡವುತ್ತದೆ. ಆ ಕೋಣೆಯಲ್ಲೇ, ಎಲ್ಲರೂ ಸುಮ್ಮನಿದ್ದು, ಎರಡು ನಿಮಿಷ ಮಳೆಯನ್ನೇ ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಿ. ಸಂಕಲನದಲ್ಲಿ ಇಡೀ ದೃಶ್ಯದ ಕೆಳಗೆ ಅದನ್ನು ಒಂದೇ ಸಮ ಹಾಸಿದರೆ ಏರಿಳಿತ ಮುಚ್ಚಿಹೋಗುತ್ತದೆ. ಮಳೆಯಿಲ್ಲದ ದಿನ ಕೋಣೆಯ ಮೌನವನ್ನೂ ಹೀಗೇ ಒಂದು ನಿಮಿಷ ಹಿಡಿಯಿರಿ. ಫ್ಯಾನು, ಫ್ರಿಜ್ಜು ಆರಿಸಿ. ಮನೆಯವರ ಫ್ರಿಜ್ ಮತ್ತೆ ಹಾಕಲು ಮರೆಯದಂತೆ ಬೈಕಿನ ಕೀಲಿಯನ್ನು ಅದರೊಳಗೇ ಇಟ್ಟುಬಿಡಿ.

ದಿನಾಂಕ ಬದಲಿಸಲು ಸಾಧ್ಯವಾದರೆ ಫೆಬ್ರುವರಿ, ಮಾರ್ಚ್ ಒಳ್ಳೆಯದು. ಮಳೆ ಹೋಯಿತೆಂದು ನವೆಂಬರಿಗೆ ಇಟ್ಟುಕೊಂಡವರಿಗೆ ಅಡಿಕೆ ಸುಲಿಯುವ ಯಂತ್ರ ಕಾದಿರುತ್ತದೆ, ನಟರೂ ಕೊಯ್ಲಿನಲ್ಲಿರುತ್ತಾರೆ. ಯಾವ ತಿಂಗಳಾದರೂ ಮುಸ್ಸಂಜೆಗೆ ಮಾತಿನ ದೃಶ್ಯ ಇಡಬೇಡಿ. ಜೀರುಂಡೆಯ ಸದ್ದು ಸ, ಶ ಅಕ್ಷರಗಳ ಶ್ರುತಿಯಲ್ಲೇ ಕೂತಿರುವುದರಿಂದ ಅದನ್ನು ತೆಗೆಯಲು ಹೋದರೆ ಮಾತೂ ತೊದಲುತ್ತದೆ.

ಒಂದೇ ಕ್ಯಾಮೆರಾ, ಅದೂ ಮೊಬೈಲು. ಇಬ್ಬರು ಕೂತು ಮಾತಾಡುವುದನ್ನು ಹೇಗೆ ಹಿಡಿಯುವುದು? (ಶಿವಮೊಗ್ಗ)

ಇಬ್ಬರ ಮೂಗಿನ ನಡುವೆ ಒಂದು ಗೆರೆ ಇದೆ ಎಂದುಕೊಳ್ಳಿ. ಕ್ಯಾಮೆರಾ ಕೊನೆಯವರೆಗೂ ಆ ಗೆರೆಯ ಒಂದೇ ಬದಿಯಲ್ಲಿರಬೇಕು. ದಾಟಿದರೆ ಇಬ್ಬರೂ ಒಂದೇ ಕಡೆ ನೋಡುತ್ತಿರುವಂತೆ ಕಾಣುತ್ತದೆ, ರೋಗಿ ಗೋಡೆಗೆ ಕಷ್ಟ ಹೇಳಿಕೊಂಡಂತೆ. ನೆಲಕ್ಕೆ ಬಣ್ಣದ ಟೇಪು ಅಂಟಿಸಿಬಿಡಿ.

ಮೊದಲು ಇಬ್ಬರೂ ಕಾಣುವ ಅಗಲ ಶಾಟಿನಲ್ಲಿ ಇಡೀ ದೃಶ್ಯ ಮುಗಿಸಿ. ಹಾಸ್ಯದಲ್ಲಿ ಇದೇ ಮುಖ್ಯ, ಒಬ್ಬ ಹೇಳುವುದೂ ಇನ್ನೊಬ್ಬ ಸಹಿಸುವುದೂ ಒಂದೇ ಚೌಕಟ್ಟಿನಲ್ಲಿ ಸಿಗುತ್ತದೆ. ಆಮೇಲೆ ರೋಗಿಯ ಹತ್ತಿರದ ಶಾಟು, ಕೊನೆಗೆ ಡಾಕ್ಟರದು. ಡಾಕ್ಟರ ಸರದಿ ಬಂದಾಗ ರೋಗಿಯ ಪಾತ್ರಧಾರಿಯನ್ನು ಚಹಾಕ್ಕೆ ಕಳಿಸಬೇಡಿ. ಕ್ಯಾಮೆರಾ ಪಕ್ಕದಲ್ಲೇ ಕೂತು ಪೂರ್ತಿ ಮಾತನ್ನು ಅದೇ ಬಿಸಿಯಲ್ಲಿ ಹೇಳಬೇಕು. ಮೂವರು ರೋಗಿಗಳಿಗೂ ಬೇರೆಬೇರೆಯಾಗಿ ಡಾಕ್ಟರ ಮೌನವನ್ನು ತಲಾ 30 ಸೆಕೆಂಡ್ ಹಿಡಿದಿಡಿ: ಕೇಳುತ್ತ ತಲೆಯಾಡಿಸುವುದು, ಗಡಿಯಾರದತ್ತ ಕಣ್ಣು, ಬರೆಯಲು ಹೋಗಿ ನಿಲ್ಲುವುದು. ಸಂಕಲನದಲ್ಲಿ ಚಿತ್ರವನ್ನು ಕಾಯುವುದು ಈ ತುಣುಕುಗಳೇ. ದಿನಕ್ಕೆ ಮುಗಿದ ಚಿತ್ರದ ಮೂರರಿಂದ ನಾಲ್ಕು ನಿಮಿಷಕ್ಕಿಂತ ಹೆಚ್ಚು ಎತ್ತಲು ಹೋಗಬೇಡಿ.

ಮೊಬೈಲಿನ ಮುಖ್ಯ ಲೆನ್ಸ್ ಬಳಸಿ, ಐದಾರು ಅಡಿ ದೂರ ಇರಲಿ. ಹತ್ತಿರ ಹೋದರೆ ಮೂಗು ಉಬ್ಬುತ್ತದೆ. ತಾಯಿ ಡಾಕ್ಟರ ಮುಖಕ್ಕೇ ಬಂದು ಮಾತಾಡುವ ಒಂದು ಶಾಟಿಗೆ ಬೇಕಾದರೆ ಅದನ್ನೇ ಬಳಸಿಕೊಳ್ಳಿ, ಒಂದೇ ಸಲ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಸೆಕೆಂಡಿಗೆ 25 ಫ್ರೇಮ್, ಶಟರ್ 50ರಲ್ಲಿ ಒಂದು ಭಾಗ. 30 ಫ್ರೇಮಿಗೆ ಬಿಟ್ಟು ಶಟರನ್ನು 60ಕ್ಕೆ ಇಟ್ಟರೆ ಟ್ಯೂಬ್‌ಲೈಟ್ ಬೆಳಕು ಅಲೆಯಂತೆ ಮಿಣುಕುತ್ತದೆ. ಮೊಬೈಲಿನ ಮೂಲ ಕ್ಯಾಮೆರಾ ಆ್ಯಪ್ ಫ್ರೇಮ್ ದರವನ್ನು ತಾನೇ ಏರಿಳಿಸುತ್ತದೆ, ಹತ್ತು ನಿಮಿಷದಲ್ಲಿ ತುಟಿಗೂ ಮಾತಿಗೂ ಹೊಂದಿಕೆ ತಪ್ಪಿರುತ್ತದೆ. ದರವನ್ನು ಸ್ಥಿರವಾಗಿಡುವ ಆ್ಯಪ್ ಹಾಕಿಕೊಳ್ಳಿ, ಬೆಳಕು, ಫೋಕಸ್, ಬಣ್ಣ ಮೂರನ್ನೂ ಲಾಕ್ ಮಾಡಿ. ಇಲ್ಲವಾದರೆ ಮೋಡ ಸರಿದಾಗೆಲ್ಲ ಡಾಕ್ಟರ ಮುಖ ಬೆಳಗಿ ಕಂದುತ್ತದೆ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ಚಿತ್ರಿಸಿದರೆ ಗಂಟೆಗೆ 45 ಜಿಬಿ ಬೇಕು. ರಾತ್ರಿ ಮಲಗುವ ಮೊದಲು ಎರಡು ಬೇರೆ ಡಿಸ್ಕಿಗೆ ನಕಲು ಆಗಿರಲಿ.

ಮಲೆನಾಡಿನ ಹಳೇ ಮನೆಯ ಒಳಗೆ ಬೆಳಕು ಕಡಿಮೆ. ರೋಗಿಯ ಕುರ್ಚಿಯನ್ನು ಕಿಟಕಿಗೆ ಮೂರ್ನಾಲ್ಕು ಅಡಿಗೆ ತನ್ನಿ, ಎದುರು ಬದಿಗೆ ಬಿಳಿ ಥರ್ಮಾಕೋಲ್ ಹಲಗೆ ನಿಲ್ಲಿಸಿ. ಕಿಟಕಿಯ ಬೆಳಕಿನ ಜೊತೆ ಹಳದಿ ಬಲ್ಬು ಬೆರೆಸಬೇಡಿ. ಡಾಕ್ಟರ ಕನ್ನಡಕದಲ್ಲಿ ಕಿಟಕಿಯೇ ಕಂಡು ಕಣ್ಣು ಮುಚ್ಚಿಹೋಗುತ್ತಿದ್ದರೆ, ಕನ್ನಡಕದ ಕಡ್ಡಿಯನ್ನು ಕಿವಿಯಿಂದ ಕೂದಲೆಳೆಯಷ್ಟು ಮೇಲೆತ್ತಿ ಕೂರಿಸಿ, ಗಾಜು ಕೆಳಗೆ ಬಾಗಿ ಪ್ರತಿಬಿಂಬ ಹೋಗುತ್ತದೆ. ಗೋಡೆ ಗಡಿಯಾರದ ಸೆಲ್ ತೆಗೆದು ಮುಳ್ಳನ್ನು ದೃಶ್ಯಕ್ಕೆ ತಕ್ಕಂತೆ ಕೈಯಲ್ಲೇ ಇಡಿ. ಟಿಕ್ ಟಿಕ್ ಸದ್ದೂ ತಪ್ಪಿತು, ಹತ್ತೂವರೆಗೆ ಕೇಳಿದ ಪ್ರಶ್ನೆಗೆ ಹತ್ತು ಗಂಟೆಗೇ ಉತ್ತರ ಕೊಡುವ ಅಭಾಸವೂ ತಪ್ಪಿತು.

ಲೆನ್ಸಿನೊಳಗೆ ಬಿಳಿ ಬಲೆಯಂತೆ ಏನೋ ಬೆಳೆದಿದೆ. (ಕೊಪ್ಪ)

ಬೂಷ್ಟು. ಒಳಗಿನ ಗಾಜಿಗೆ ಹಿಡಿದಿದ್ದರೆ ನೀವೇ ಬಿಚ್ಚಬೇಡಿ, ರಿಪೇರಿಯವರಿಗೇ ಕೊಡಿ, ಬೇರೆ ಲೆನ್ಸುಗಳ ಜೊತೆ ಇಡಬೇಡಿ. ಮುಂದಕ್ಕೆ, ಬಟ್ಟೆಯ ಬ್ಯಾಗು ಬಿಟ್ಟು ಗಾಳಿಯಾಡದ ಡಬ್ಬಿಗೆ ಬದಲಿಸಿ. ಒಳಗೆ ಸಿಲಿಕಾ ಜೆಲ್, ಪಕ್ಕದಲ್ಲಿ ಸಣ್ಣ ತೇವಮಾಪಕ. ಅದು ಶೇಕಡಾ 40ರಿಂದ 50ರ ನಡುವೆ ತೋರಿಸುತ್ತಿರಲಿ. ಜೆಲ್ ಬಣ್ಣ ತಿರುಗಿದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬಹುದು.

ನಮ್ಮ ನಟರೆಲ್ಲ ನಾಟಕದವರು. ಕ್ಯಾಮೆರಾ ಮುಂದೆ ಜೋರಾಗುತ್ತಿದೆ. (ಸೊರಬ)

ನೀನಾಸಂ ರಂಗಶಾಲೆಯ ಹೆಗ್ಗೋಡು ಪಕ್ಕದಲ್ಲೇ ಇರುವ ನಿಮಗೆ ನಟರ ಬರ ಇಲ್ಲ, ಅದು ಪುಣ್ಯ. ರಂಗದವರಿಗೆ ಕೊನೆಯ ಸಾಲಿಗೆ ಕೇಳಿಸುವ ಅಭ್ಯಾಸ. "ಕಡಿಮೆ ಮಾಡಿ" ಎಂದರೆ ದನಿಯ ಜೊತೆ ಜೀವವನ್ನೂ ಕಡಿಮೆ ಮಾಡುತ್ತಾರೆ. ಅದರ ಬದಲು, ಪಕ್ಕದ ಬೆಂಚಿನಲ್ಲಿ ಊರಿನವರೊಬ್ಬರು ಕೂತಿದ್ದಾರೆ, ಅವರಿಗೆ ಕೇಳಬಾರದು ಎಂದು ಹೇಳಿ. ದನಿ ತಾನಾಗಿ ಇಳಿಯುತ್ತದೆ, ಕಣ್ಣು ಚುರುಕಾಗುತ್ತದೆ. ರೋಗಿಯ ಪಾತ್ರಕ್ಕೆ ಇದು ನಿಜವೂ ಹೌದು. ಡಾಕ್ಟರ ಪಾತ್ರಕ್ಕೆ ಚೆನ್ನಾಗಿ ಮಾತಾಡುವವರಿಗಿಂತ ಚೆನ್ನಾಗಿ ಸುಮ್ಮನಿರಬಲ್ಲವರನ್ನು ಆರಿಸಿ.

ಎಲ್ಲರ ಬಾಯಲ್ಲೂ ಪುಸ್ತಕದ ಕನ್ನಡ ಇಡಬೇಡಿ. ಹವ್ಯಕ ಕನ್ನಡದವರು ಹವ್ಯಕದಲ್ಲೇ, ತೀರ್ಥಹಳ್ಳಿ ಕಡೆಯವರು ತಮ್ಮ ರಾಗದಲ್ಲೇ ಮಾತಾಡಲಿ. "ಮಾರಿದ್ ಮಾರ್ನೇ ದಿನ ಏರ್ತು ಮಾರಾಯ್ರೇ" ಎಂಬುದನ್ನು ತಿದ್ದಿ ಬರೆದರೆ ಅಲ್ಲಿ ಉಳಿಯುವುದು ಮಾರುಕಟ್ಟೆ ವರದಿ. ಆದರೆ ಬಾರದ ಆಡುಮಾತನ್ನು ಬೇರೆಯವರ ಬಾಯಿಗೆ ತುರುಕಬೇಡಿ. ನಟರು ನಕ್ಕು ಟೇಕ್ ಕೆಡುತ್ತಿದ್ದರೆ ಕ್ಯಾಮೆರಾ ನಿಲ್ಲಿಸದೆ ಮುಂದುವರಿಸಿ, ಆ ನಗು ನುಂಗಿಕೊಳ್ಳುವ ಕ್ಷಣವೇ ಕೆಲವೊಮ್ಮೆ ಬೇಕಾದ ಶಾಟು.

ಶೂಟಿಂಗಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದೆವು. ಎಡಿಟ್ ಆದ ಮೇಲೆ ಒಬ್ಬರೂ ನಗುತ್ತಿಲ್ಲ. (ಭದ್ರಾವತಿ)

ಬಹುಶಃ ಮಾತಾಡುವವರ ಮೇಲೇ ಕ್ಯಾಮೆರಾ ಇಟ್ಟು, ಮಾತಿಗೊಂದರಂತೆ ಕತ್ತರಿಸಿದ್ದೀರಿ. ಹೀಗೆ ಮಾಡಿ ನೋಡಿ. ನಗೆಯ ಮಾತು ಮುಗಿದ ಮೇಲೆ ಹೇಳಿದವನ ಮೇಲೆ ಆರೆಂಟು ಫ್ರೇಮ್ ನಿಲ್ಲಿ. ಆಮೇಲೆ ಡಾಕ್ಟರ ಮುಖ, ಪೂರ್ತಿ ಒಂದು ಸೆಕೆಂಡ್, ಅಂದರೆ 25 ಫ್ರೇಮ್. ಅವರು ಬಾಯಿ ತೆರೆಯುವ ಮೊದಲೇ ರೋಗಿಯ ಮುಂದಿನ ಮಾತು ಸದ್ದಿನಲ್ಲಿ ಶುರುವಾಗಲಿ. ಪಾಪ, ಅವರಿಗೆ ಉತ್ತರಿಸುವ ಅವಕಾಶವೂ ಸಿಗಲಿಲ್ಲ ಎಂಬುದೇ ಎರಡನೇ ನಗು. ಎಲ್ಲ ಜೋಕಿಗೂ ಇದೇ ಅಳತೆ ಹಾಕಿದರೆ ಯಂತ್ರವಾಗುತ್ತದೆ. ಮೂರಕ್ಕೊಂದನ್ನು ಅಗಲ ಶಾಟಿನಲ್ಲೇ, ಕತ್ತರಿ ಹಾಕದೆ ಬಿಡಿ.

ಜೋಕಿನ ಕೆಳಗೆ "ಟೊಂಯ್" ಸದ್ದು ಹಾಕಿದ್ದರೆ ಮೊದಲು ತೆಗೆಯಿರಿ. ಆ ಸದ್ದು ಬೇಕೇಬೇಕು ಅನ್ನಿಸಿದ ಕಡೆ ಜೋಕನ್ನೇ ತೆಗೆಯಬಹುದು.

ಕಥೆ ಗೊತ್ತಿಲ್ಲದ ಎಂಟು ಹತ್ತು ಜನರಿಗೆ ತೋರಿಸಿ. ಪರದೆ ನೋಡಬೇಡಿ, ಅವರ ಮುಖ ನೋಡಿ, ನಕ್ಕ ಕಡೆಯೆಲ್ಲ ನಿಮಿಷ, ಸೆಕೆಂಡ್ ಬರೆದುಕೊಳ್ಳಿ. ನಗೆಯಲ್ಲಿ ಮುಂದಿನ ಮಾತು ಮುಳುಗಿದರೆ ಅಲ್ಲಿ ಒಂದು ಸೆಕೆಂಡ್ ಸೇರಿಸಿ. ಆದರೆ ಮೊಬೈಲಿನಲ್ಲಿ ಒಬ್ಬರೇ ನೋಡುವವರು ಅಷ್ಟು ಹೊತ್ತು ನಗುವುದಿಲ್ಲ, ಅವರಿಗೆ ಉದ್ದದ ಬಿಡುವು ಖಾಲಿ ಕಾಣುತ್ತದೆ. ಸಭೆಗೊಂದು, ಆನ್‌ಲೈನಿಗೊಂದು ಪ್ರತಿ ಇಟ್ಟುಕೊಳ್ಳುವುದೇ ಮೇಲು.

ಡಾಕ್ಟರ ರಿಂಗ್‌ಟೋನ್ ಆಗಿ ಹಳೇ ಸಿನಿಮಾ ಹಾಡಿನ ಐದು ಸೆಕೆಂಡ್ ಹಾಕಬಹುದೇ? (ಶೃಂಗೇರಿ)

ಇಷ್ಟು ಸೆಕೆಂಡ್ ತನಕ ಉಚಿತ ಎಂಬ ನಿಯಮ ಎಲ್ಲೂ ಇಲ್ಲ. ಹಕ್ಕುದಾರರ ಅನುಮತಿ ಬೇಕು, ಯೂಟ್ಯೂಬ್‌ನಲ್ಲಿ ಯಂತ್ರವೇ ಹಿಡಿಯುತ್ತದೆ. ಊರಿನ ಹಾರ್ಮೋನಿಯಂನವರಿಂದ ನಾಲ್ಕು ಸ್ವರದ ಹೊಸ ತುಣುಕು ನುಡಿಸಿಕೊಂಡು, ಬಳಸಲು ಒಪ್ಪಿಗೆಯನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ನಟರಿಂದ, ಮನೆ ಕೊಟ್ಟವರಿಂದಲೂ ಅಂಥದೇ ಹಾಳೆ ಬೇಕು.

ಇಂಗ್ಲಿಷ್ ಸಬ್‌ಟೈಟಲ್ ಹಾಕಿದ ಮೇಲೆ ಜನ ಜೋಕಿಗಿಂತ ಮೊದಲೇ ನಗುತ್ತಿದ್ದಾರೆ. ಕನ್ನಡ ಹೆಸರುಗಳ ಒತ್ತಕ್ಷರವೂ ಒಡೆದು ಬರುತ್ತಿದೆ. (ಆಗುಂಬೆ)

ಕಣ್ಣು ಕಿವಿಗಿಂತ ಬೇಗ ಓದುತ್ತದೆ. ಎರಡು ಸಾಲು ಒಟ್ಟಿಗೆ ಕೊಟ್ಟರೆ ನಟ ಮೊದಲರ್ಧದಲ್ಲಿರುವಾಗಲೇ ನೋಡುವವರು ಕೊನೆ ಮುಟ್ಟಿರುತ್ತಾರೆ. ಪೀಠಿಕೆಯ ಮಾತಿಗೆ ಒಂದು ಸಬ್‌ಟೈಟಲ್, ನಗೆಯ ಮಾತಿಗೆ ಇನ್ನೊಂದು. ಎರಡನೆಯದು ಆ ಮಾತಿನ ಮೊದಲ ಅಕ್ಷರಕ್ಕೆ ಸರಿಯಾಗಿ ಬರಲಿ, ಅದಕ್ಕಿಂತ ಒಂದು ಫ್ರೇಮ್ ಕೂಡ ಮುಂಚೆ ಬೇಡ. ಸಾಲಿಗೆ 40 ಅಕ್ಷರದ ಆಸುಪಾಸು, ಕನಿಷ್ಠ ಒಂದು ಸೆಕೆಂಡ್, ಗರಿಷ್ಠ ಆರು. ಡಾಕ್ಟರ ಮೌನದ ಶಾಟಿನ ಮೇಲೆ ಹಿಂದಿನ ಸಾಲು ಉಳಿದಿರಬಾರದು, ಆಗ ಜನ ಅವರ ಮುಖ ಬಿಟ್ಟು ಅಕ್ಷರ ನೋಡುತ್ತಾರೆ.

ಒತ್ತಕ್ಷರಕ್ಕೆ ಎರಡು ಕಾರಣ. ‘ನುಡಿ’ ತಂತ್ರಾಂಶದ ಹಳೇ ಅಕ್ಷರದಲ್ಲಿ ಟೈಪ್ ಮಾಡಿದ್ದನ್ನು ಅಂಟಿಸಿದ್ದರೆ ಮೊದಲು ಯುನಿಕೋಡಿಗೆ ಪರಿವರ್ತಿಸಿ. ಯುನಿಕೋಡ್ ಇದ್ದೂ ಒಡೆದರೆ ತಪ್ಪು ಸಂಕಲನದ ತಂತ್ರಾಂಶದ್ದು. ಪ್ರೀಮಿಯರ್‌ನಲ್ಲಾದರೆ ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆಗೆ ಬದಲಿಸಿ, ಹೊಸದಾಗಿ ಅಕ್ಷರಪಟ್ಟಿ ಮಾಡಿ. ಅದೂ ಆಗದಿದ್ದರೆ ಹೆಸರುಗಳನ್ನು ಇಂಕ್‌ಸ್ಕೇಪಿನಂಥ ಉಚಿತ ತಂತ್ರಾಂಶದಲ್ಲಿ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರವಾಗಿ ತಂದು ಕೂರಿಸಿ. ಕೊನೆಯ ಪ್ರತಿ ತೆಗೆಯುವ ಮೊದಲು ಬೇರೆಯವರಿಂದ ಹೆಸರುಗಳನ್ನು ಗಟ್ಟಿಯಾಗಿ ಓದಿಸಿ.